ಹಿಡಿತ ಬಾರದ ಮರಿ

ಕಲ್ಲುಗುಡ್ಡದ ಕರಡಿಗಳಿಗೆಲ್ಲ ದುರುಗಜ್ಜನೇ ಹಿರಿಯ. ಓಡುವ ತಾಯಂದಿರ ಬೆನ್ನಿನಿಂದ ಮರಿಗಳು ಜಾರಿ ಬೀಳುವುದನ್ನು ನೋಡಿ ನೋಡಿ ಮನಸ್ಸು ತಡೆಯದೆ ಆತ ಒಂದು ದಿನ ಎಲ್ಲರನ್ನೂ ಸೇರಿಸಿದ.

"ಕೂದಲನ್ನು ಗಟ್ಟಿಯಾಗಿ ಹಿಡಿಯಲು ಬಾರದ ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಯಾರೂ ಓಡಬಾರದು. ಇದನ್ನು ಗುಡ್ಡದ ಕಟ್ಟಳೆ ಮಾಡೋಣ," ಎಂದ.

ಗಾಳೆವ್ವ ಎಂಬ ತಾಯಿ ಎದ್ದು ನಿಂತಳು. "ಅಜ್ಜ, ನೀರಿರುವುದು ಆಚೆ ಗುಡ್ಡದಲ್ಲಿ. ಮರಿಯನ್ನು ಗವಿಯಲ್ಲಿ ಬಿಟ್ಟರೆ ಚಿರತೆ ಒಯ್ಯುತ್ತದೆ. ನಡೆಸಿಕೊಂಡು ಹೋದರೆ ಹೊತ್ತು ಮುಳುಗುತ್ತದೆ. ನನ್ನ ಮರಿಯ ಮೇಲೆ ನನಗಿಲ್ಲದ ಅಕ್ಕರೆ ನಿನ್ನ ಕಟ್ಟಳೆಗಿದೆಯೇ?"

ಉಳಿದ ತಾಯಂದಿರೂ ಹೌದೆಂದು ತಲೆಯಾಡಿಸಿದರು. 'ನೀವು ಬರುವ ತನಕ ಮರಿಗಳನ್ನು ನಾನು ಕಾಯುತ್ತೇನೆ' ಎನ್ನಬಹುದಿತ್ತು ದುರುಗಜ್ಜ. ಆದರೆ ಎಲ್ಲರ ಮುನಿಸು ಕಟ್ಟಿಕೊಳ್ಳಲು ಮನಸ್ಸಾಗದೆ, "ನಿನ್ನಿಷ್ಟ ತಾಯಿ," ಎಂದು ಸುಮ್ಮನಾದ.

ವಾರ ಕಳೆಯುವುದರೊಳಗೆ, ಬಂಡೆಯಿಂದ ಬಂಡೆಗೆ ಹಾರುವಾಗ ಗಾಳೆವ್ವನ ಮರಿ ಹಿಡಿತ ತಪ್ಪಿ ಕೊರಕಲಿಗೆ ಬಿತ್ತು. ಜೀವವೇನೋ ಉಳಿಯಿತು, ಆದರೆ ಸೊಂಟ ಮುರಿದು ಹಿಂಗಾಲುಗಳ ಸ್ವಾಧೀನ ಹೋಯಿತು.

ನೋಡಲು ಹೋದ ದುರುಗಜ್ಜನಿಗೆ ಗವಿಯ ಒಳಗೆ ಕಾಲಿಡಲಾಗಲಿಲ್ಲ. ಗಾಳೆವ್ವ ಮರಿಯ ಮೈ ನೆಕ್ಕುತ್ತಲೇ ಕೇಳಿದಳು: "ನಾನು ಅವಸರದಲ್ಲಿದ್ದೆ ಅಜ್ಜ. ನೀನು ಹಿರಿಯ. ಅವತ್ತು ನನ್ನ ಮಾತನ್ನು ಯಾಕೆ ಕೇಳಿದೆ?"

ಆತ ಗವಿಯ ಬಾಯಿಂದಲೇ ತಿರುಗಿ ಬಂದ.

ಮರುದಿನವೇ ಕಟ್ಟಳೆಯಾಯಿತು, ಯಾರೂ ಎದುರಾಡಲಿಲ್ಲ. ಮರಿಗಳನ್ನು ಕಾಯಲು ದುರುಗಜ್ಜ ತಾನೇ ಕುಳಿತ. ಬೇರೆಲ್ಲ ಮರಿಗಳು ಆಡಲು ಓಡುತ್ತಿದ್ದವು; ಒಂದು ಮಾತ್ರ ದಿನವಿಡೀ ಅವನ ಪಕ್ಕದಲ್ಲೇ ಇರುತ್ತಿತ್ತು.