ತಳಕ್ಕೆ ಹೋದದ್ದೆಲ್ಲ ಕಲಬೆರಕೆ

ಕೇಳಿ ಮತ್ತೆ, ನಗು ಬಂದರೆ ತಡೆದುಕೊಳ್ಳಬೇಡಿ. ಮೆಣಸಿನಕಾಯಿ ವ್ಯಾಪಾರದ ಒಂದು ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಒರಳಲ್ಲಿ ಕುಟ್ಟಿದ ಖಾರಪುಡಿ ಮಾರುವುದೇ ಅವಳ ಹೊಟ್ಟೆಪಾಡು. ಪುಡಿ ಅಪ್ಪಟ, ಮಗ ದುಂಡ್ಯಾನೂ ಅಪ್ಪಟ ಪೆದ್ದ!

"ನಿನ್ನ ಕಟಗೊಂಡು ಹೆಂಗ ಬಾಳೇ ಮಾಡ್ಲೋ!" ಅಂತ ಹಣೆ ಚಚ್ಚಿಕೊಂಡು, ಎದುರಂಗಡಿಯ ಕೊಟ್ರಪ್ಪ ಸಾಹುಕಾರನ ಹತ್ತಿರ ಕೆಲಸಕ್ಕೆ ಬಿಟ್ಟಳು. "ಅವರು ಹೇಳಿದಂಗ ಮಾಡು!"

ಕೊಟ್ರಪ್ಪ ಹೇಳಿದ, "ಗಿರಾಕಿ ಏನ್ ಕೇಳಿದ್ರೂ ಇಲ್ಲ ಅನಬ್ಯಾಡ!"

ಒಬ್ಬಳು ಬಂದಳು. "ಖಾರಪುಡಿ ಐತೇನೋ ತಮ್ಮಾ?"

"ಐತ್ರಿ!"

"ಇಷ್ಟು ಕೆಂಪಗೈತಿ, ಇದರಾಗ ಇಟ್ಟಂಗಿಪುಡಿ ಐತೇನು ಮತ್ತ?"

"ಐತ್ರಿ! ಬೇಕಾದಷ್ಟು ಐತ್ರಿ!"

ಖಾರದಲ್ಲಿ ಇಟ್ಟಿಗೆಪುಡಿಯೇ ಅಂತ ಆಕೆ ಖಾಲಿ ಚೀಲ ಬೀಸಿಕೊಂಡು ಹೋದಳು. ಕೊಟ್ರಪ್ಪ ಕಿವಿ ಹಿಂಡಿದ. "ಹುಚ್ಚಪ್ಯಾಲಿ! ಇಟ್ಟಂಗಿ ಅನ್ನೋ ಮಾತು ಬಾಯಾಗ ಬರಬಾರದು! ತಿಳೀತಿಲ್ಲೋ?"

"ತಿಳೀತ್ರಿ!"

ಅಷ್ಟರಲ್ಲಿ ಕಲಬೆರಕೆ ಹಿಡಿಯುವ ಸರ್ಕಾರದ ಸಾಹೇಬರು ಜೀಪಿನಿಂದ ಇಳಿದರು. ಕೊಟ್ರಪ್ಪ ಎಂಥ ಖದೀಮ ಅಂದರೆ, ತನ್ನ ಪೊಟ್ಟಣಗಳ ಮೇಲೆಲ್ಲ 'ಫಕೀರವ್ವನ ಖಾರಪುಡಿ' ಅಂತ ಚೀಟಿ ಅಂಟಿಸಿಟ್ಟಿದ್ದ! ಸಾಹೇಬರು ಒಂದು ಚಿಟಿಕೆ ತೆಗೆದು ನೀರಿನ ಲೋಟಕ್ಕೆ ಹಾಕಿದರು.

"ನೋಡಿ, ಅಪ್ಪಟ ಪುಡಿ ತೇಲುತ್ತೆ, ಇದು ತಳಕ್ಕೆ ಹೋಯ್ತು, ಕಲಬೆರಕೆ! ಆ ಫಕೀರವ್ವನ ಅಂಗಡಿಗೆ ಸೀಲ್ ಹಾಕಿ!"

ಫಕೀರವ್ವ ಎದೆ ಬಡಿದುಕೊಂಡು ಓಡಿಬಂದಳು. "ಯಪ್ಪಾ, ಅದು ನನ್ನ ಪುಡಿ ಅಲ್ರೀ! ನನ್ನ ಅನ್ನಕ್ಕ ಮಣ್ಣ ಹಾಕಬ್ಯಾಡ್ರೀ!"

ಸಾಹೇಬರು ದುಂಡ್ಯಾನತ್ತ ತಿರುಗಿದರು. "ಏನೋ, ಇದಕ್ಕೆ ಏನು ಬೆರೆಸಿದ್ದಾರೋ?"

ದುಂಡ್ಯಾ ಬಾಯಿ ಮುಚ್ಚಿಕೊಂಡ. ಆಮೇಲೆ ಸಾಹೇಬರ ಕೈ ಹಿಡಿದು ದರದರ ಹಿತ್ತಲಿಗೆ ಎಳೆದೊಯ್ದ. "ಬಾಯಾಗ ಬರಬಾರದಂತ್ರಿ, ಕಣ್ಣೀಲೆ ನೋಡ್ರಿ!"

ಇಟ್ಟಂಗಿ ರಾಶಿ! ಪಕ್ಕದಲ್ಲೇ ಚೀಟಿಯ ಕಟ್ಟು, ಅಂಟಿನ ಡಬ್ಬಿ!

ಸೀಲು ಕೊಟ್ರಪ್ಪನ ಅಂಗಡಿಗೆ ಬಿತ್ತು. "ಶಾಬಾಸ್!" ಅಂದರು ಸಾಹೇಬರು ದುಂಡ್ಯಾನಿಗೆ. "ಇನ್ನು ಮೇಲೆ ಅನುಮಾನ ಬಂದರೆ ನೀರಿಗೆ ಹಾಕಿ ನೋಡು."

ಕೊಟ್ರಪ್ಪ ಅವರ ಕಾಲಿಗೆ ಬಿದ್ದ. "ಸಾಹೇಬ್ರ, ನಾ ಅಪ್ಪಟ ಮನಶ್ಯಾ ಅದೀನ್ರೀ!"

ದುಂಡ್ಯಾನಿಗೆ ಅನುಮಾನ ಬಂತು. ಕೊಟ್ರಪ್ಪನನ್ನು ಎತ್ತಿ ದನದ ನೀರಿನ ತೊಟ್ಟಿಗೆ ದಬಕ್ಕನೆ ಹಾಕಿದ! "ತಳಕ್ಕ ಹೋತ್ರೀ! ಕಲಬೆರಕಿ!"

"ಏ ದನಾ! ಇನ್ನೊಬ್ಬರನ್ನ ನೀರಿಗೆ ಹಾಕಬಾರದೋ!" ಅಂತ ಬೈದ ಫಕೀರವ್ವನಿಗೆ ನಗು ತಡೆಯಲಾಗಲಿಲ್ಲ. ಮಗನ ಕೆನ್ನೆ ಸವರಿದಳು. ಅವಳ ಕಣ್ಣು ತುಂಬಿತ್ತು. "ನನ್ನ ಅಂಗಡಿ ಉಳಿಸಿದೆಲ್ಲೋ, ನನ್ನ ಅಪ್ಪಟ ಬಂಗಾರ!"

ದುಂಡ್ಯಾ ತಲೆ ಕೆರೆದುಕೊಂಡ. "ಖರೇನ ಅವ್ವಾ, ನಾ ಅಪ್ಪಟ?"

ಇನ್ನೊಬ್ಬರನ್ನು ಹಾಕಬಾರದಲ್ಲ, ತಾನೇ ತೊಟ್ಟಿಗೆ ಹಾರಿದ! ಬುಳುಬುಳು ಮುಳುಗಿದ, ಎದ್ದ, ಗೊಳೋ ಅಂತ ಅತ್ತ.

"ಅವ್ವಾ, ನಾನೂ ಕಲಬೆರಕಿ! ಸಾಹೇಬ್ರಿಗೆ ಹೇಳಿ ನನಗೂ ಸೀಲ್ ಹಾಕಸ!"