ಅಳಿಲು ಕೊಂಡ ಹತ್ತಿ

ಹುಟ್ಟಲಿರುವ ಮರಿಗಳ ಹಾಸಿಗೆಗೆಂದು ಅಳಿಲು ದಿನವೂ ಕಾಗೆಯಿಂದ ಹತ್ತಿ ಕೊಳ್ಳುತ್ತಿತ್ತು. ಒಂದು ಹಿಡಿಗೆ ಮೂರೇ ಕಡಲೆಕಾಯಿ. ಒಂದು ಬೆಳಿಗ್ಗೆ ಗೆಳತಿ ಗೊರವಂಕವನ್ನು ನೋಡಲು ಹೋದರೆ, ಅದರ ಗೂಡಿದ್ದ ಬೂರುಗದ ಮರ ವಾಲಿತ್ತು. ಬುಡದಲ್ಲಿ ಹೆಗ್ಗಣಗಳು ಬೇರು ಕಡಿಯುತ್ತಿದ್ದವು.

“ಯಾಕಣ್ಣ ಹೀಗೆ?” ಎಂದಿತು ಅಳಿಲು.

“ಮರ ಬಿದ್ದರೆ ಕಾಗೆಗೆ ಹತ್ತಿಯೆಲ್ಲ ಒಟ್ಟಿಗೆ ಸಿಗುತ್ತದೆ. ನಮಗೆ ಕೂಲಿ ಕಡಲೆಕಾಯಿ,” ಎಂದಿತು ಒಂದು ಹೆಗ್ಗಣ.

ಅಳಿಲು ಬಾಡಿದ ಮುಖ ಎತ್ತಿ ಗೂಡಿನಲ್ಲಿದ್ದ ಗೊರವಂಕವನ್ನು ನೋಡಿತು. “ಅಕ್ಕಾ, ಅದು ನಾನು ಕೊಟ್ಟ ಕಡಲೆಕಾಯಿ.”

“ನಿನಗೇನು ಗೊತ್ತಿತ್ತು, ತಂಗಿ?” ಎಂದಿತು ಗೊರವಂಕ.

ಮರುದಿನ ಕಾಗೆ ಬಂದು, “ಇವತ್ತು ಎರಡೇ ಕಡಲೆಕಾಯಿ,” ಎಂದಿತು.

“ಬೇಡ. ನನ್ನ ಕಡಲೆಕಾಯಿಯಿಂದಲೇ ನನ್ನ ಅಕ್ಕನ ಮನೆ ಬೀಳಿಸುತ್ತಿದ್ದೀಯ.”

“ಹತ್ತಿ ಮೆತ್ತಗಿದೆಯೋ ಇಲ್ಲವೋ, ಅಷ್ಟು ನೋಡಿಕೋ. ಕೊಟ್ಟ ಮೇಲೆ ಕಡಲೆಕಾಯಿ ನನ್ನದು,” ಎಂದಿತು ಕಾಗೆ.

“ನಿಜ. ಕೊಡುವ ತನಕ ನನ್ನದು,” ಎಂದು ಅಳಿಲು ಕಡಲೆಕಾಯಿಯನ್ನು ಪೊಟರೆಯೊಳಗೆ ಇಟ್ಟುಕೊಂಡಿತು.

ವಿಷಯ ತಿಳಿದು ಅಕ್ಕಪಕ್ಕದ ಅಳಿಲುಗಳೂ ಹತ್ತಿ ಬೇಡವೆಂದವು. ಕೂಲಿ ನಿಂತ ಮೇಲೆ ಹೆಗ್ಗಣಗಳು ಜಾಗ ಬಿಟ್ಟವು.

ಅಳಿಲು ತೆಂಗಿನ ನಾರಿನ ಹಾಸಿಗೆ ಮಾಡಿತು. ನಾರು ಚುಚ್ಚಿ ಮರಿಗಳು ಅತ್ತಾಗ ಗೊರವಂಕ ಹಾರಿಬಂದು, ತನ್ನ ಎದೆಯ ಮೆತ್ತನೆಯ ಗರಿಗಳನ್ನೇ ಕಿತ್ತು ಹಾಸಿತು.

“ಮಲಗಿ ಕಂದಮ್ಮಗಳೇ, ದೊಡ್ಡಮ್ಮ ಬಂದಿದ್ದೇನೆ.”