ಒಂದೇ ಸುಳಿ

ನಡುಮನೆಯ ಕುಂಡದಲ್ಲಿದ್ದ ಪಾಮ್ ಗಿಡ ಬೆಳೆದು ಚಾವಣಿ ಮುಟ್ಟಿತು. ಮನೆಯೊಡತಿ ನಾಗವೇಣಮ್ಮ ತಲೆಯೆತ್ತಿ ನೋಡಿ, "ಇನ್ನು ನಿನಗೆ ಇಲ್ಲಿ ಜಾಗ ಸಾಲದು, ನಾಳಿದ್ದು ಅಂಗಳದಲ್ಲಿ ಇಡಿಸುತ್ತೇನೆ" ಎಂದರು. ಗಿಡಕ್ಕೆ ಇದು ಹಿಡಿಸಲಿಲ್ಲ. ಬಂದುಹೋಗುವವರೆಲ್ಲ ಹೊಗಳುವ ಜಾಗ ಬಿಟ್ಟು ಬಿಸಿಲಿಗೆ ಹೋಗಿ ನಿಲ್ಲುವುದೇ?

ಅದು ಕಿಟಕಿಯ ಮೇಲಿದ್ದ ಕತ್ತರಿಯನ್ನು ಕರೆದು, "ನನ್ನ ತಲೆಯನ್ನು ಒಂದು ಗೇಣು ಕತ್ತರಿಸಿಬಿಡು. ಗಿಡ್ಡವಾಗಿ ಇಲ್ಲೇ ಇರುತ್ತೇನೆ" ಎಂದಿತು.

ಕತ್ತರಿ ಹಿಂಜರಿಯಿತು. "ನಿನಗಿರುವುದು ಒಂದೇ ಸುಳಿ. ಅದು ಹೋದರೆ ನೀನು ಮತ್ತೆ ಚಿಗುರುವುದಿಲ್ಲ."

"ಅಂಗಳದ ಕ್ರೋಟನ್ ಗಿಡವನ್ನು ವರ್ಷವರ್ಷವೂ ಕತ್ತರಿಸುತ್ತೀಯಲ್ಲ, ಅದು ಚಿಗುರುವುದಿಲ್ಲವೇ?"

"ಅದಕ್ಕೆ ಗೆಣ್ಣುಗೆಣ್ಣಿಗೂ ಚಿಗುರೊಡೆಯುವ ಕಣ್ಣಿದೆ. ಅಂಗಳಕ್ಕೆ ಹೋಗು ಮಾರಾಯ. ನಾಲ್ಕು ದಿನ ನೆರಳಲ್ಲಿ ನಿಂತರೆ ಬಿಸಿಲೂ ಒಗ್ಗುತ್ತದೆ."

"ನಿನ್ನ ಕೆಲಸ ಕತ್ತರಿಸುವುದು, ಬುದ್ಧಿ ಹೇಳುವುದಲ್ಲ."

ಕತ್ತರಿ ಸುಳಿಯನ್ನು ಕತ್ತರಿಸಿತು.

ಗಿಡ ಗಿಡ್ಡವಾದದ್ದನ್ನು ಕಂಡು ನಾಗವೇಣಮ್ಮ ಅದನ್ನು ಅಲ್ಲೇ ಬಿಟ್ಟರು. ತಿಂಗಳುಗಟ್ಟಲೆ ಗರಿಗಳು ಹಸಿರಾಗಿಯೇ ಇದ್ದವು. ಬಂದವರು ಹೊಗಳುತ್ತಲೇ ಇದ್ದರು. ಹೊಸ ಗರಿ ಮಾತ್ರ ಬರಲಿಲ್ಲ. ಹಳೆಯವು ಒಂದೊಂದಾಗಿ ಒಣಗಿ ಬಿದ್ದವು. ಕೊನೆಯದೂ ಬಿದ್ದ ದಿನ ನಾಗವೇಣಮ್ಮ ಮೋಟನ್ನು ಕಿತ್ತೆಸೆದು, ಕುಂಡವನ್ನು ಅಂಗಳಕ್ಕೆ ಒಯ್ದು, ಅದರಲ್ಲಿ ಕ್ರೋಟನ್ ಟೊಂಗೆ ನೆಟ್ಟರು.

ಆ ಟೊಂಗೆಯನ್ನು ಕತ್ತರಿಸಿಕೊಟ್ಟದ್ದೂ ಅದೇ ಕತ್ತರಿ.